ಬದರಿಗೆ ಹೋದ ಬಿಸಿಗಾಳಿ

ಹೊನ್ನಾವರದ ಹೊಳೆಬದಿಯಲ್ಲಿ ಲಾರಿ, ಬಸ್ಸುಗಳಿಗೆ ಮರದ ಮೈ ಕಟ್ಟುವ ಶೆಡ್ಡು ಇಟ್ಟುಕೊಂಡಿದ್ದೆ. ಉಳಿದ ಬಡಗಿಗಳ ಹತ್ತಿರ ಜನ ಬಂದು ಮಂಚ ಕೇಳುತ್ತಾರೆ, ತೊಟ್ಟಿಲು ಕೇಳುತ್ತಾರೆ, ಹೋಗುತ್ತಾರೆ. ನನ್ನ ಹತ್ತಿರ ಬರುವವರು ಮಾತ್ರ ಊರಿನಲ್ಲಿ ಎಲ್ಲಿಯೂ ಇಲ್ಲದ್ದನ್ನೇ ಕೇಳುತ್ತಾರೆ. ನಾನೂ ಅಷ್ಟೇ. ‘ಆಗುವುದಿಲ್ಲ’ ಎಂಬ ಮಾತು ಬಾಯಿಗೆ ಬರುವ ಮೊದಲೇ ಅಳತೆಪಟ್ಟಿ ಕೈಗೆ ಬಂದಿರುತ್ತದೆ. ಹೀಗಿರುವಾಗ ಏನಾದರೊಂದು ಆಗುತ್ತಲೇ ಇರದೆ ಇನ್ನೇನು? ಅರವತ್ತರ ದಶಕ ಮುಗಿಯುತ್ತ ಬಂದಾಗ ಒಂದೇ ಒಂದು ಗಾಡಿಯಿಂದ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

೧. ಸೆಕೆಯಲ್ಲಿ ಬಂದ ಗಿರಾಕಿ

ಹೋಳಿ ಮುಗಿದು ಸೆಕೆ ಏರಿತ್ತು. ಸುಡು ಮಧ್ಯಾಹ್ನದಲ್ಲಿ ಕುಮಟೆಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹಳೆಯ ಮಿಲಿಟರಿ ವ್ಯಾನೊಂದನ್ನು ತಂದು ಶೆಡ್ಡಿನೆದುರು ನಿಲ್ಲಿಸಿದರು. ಬೆವರಿಗೆ ಅಂಗಿ ಬೆನ್ನಿಗೆ ಅಂಟಿತ್ತು. ಮಜ್ಜಿಗೆ ಕುಡಿದು, ಟೊಪ್ಪಿಯಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು:

“ಇದರೊಳಗೊಂದು ಮನೆ ಕಟ್ಟಬೇಕು. ಮಲಗೂಕೆ ಮಂಚ, ಅಡುಗೆಗೆ ಕಟ್ಟೆ. ಮತ್ತೆ ಒಳಗೆಲ್ಲ ಬಿಸಿಗಾಳಿ ಆಡಬೇಕು.”

“ತಂಪುಗಾಳಿ ಅಲ್ದಾ?”

“ಬಿಸಿಗಾಳಿ ಮಾರಾಯಾ, ಬಿಸಿಗಾಳಿ!”

ಬಿಸಿಲು ನೆತ್ತಿಗೇರಿದೆ ಎಂದುಕೊಂಡು ಅವರನ್ನು ಮೆಲ್ಲಗೆ ನೆರಳಿಗೆ ಕೂಡ್ರಿಸಿ, ಹೆಂಡತಿಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ. ಆಮೇಲೆ ಅವರು ಬಿಡಿಸಿ ಹೇಳಿದರು. ಅವರ ತಾಯಿಗೆ, ಅವರು ಕರೆಯುವ ಹಾಗೆ ಆಯಿಗೆ, ಬದರಿಗೆ ಹೋಗಬೇಕೆಂದು ಬಹಳ ಕಾಲದ ಆಸೆ. ಗಂಡನ ಜೊತೆ ಹೊರಡಬೇಕೆಂದಿದ್ದವರು, ಗಂಡ ತೀರಿಕೊಂಡ ಮೇಲೆ ಆ ಮಾತನ್ನೇ ಬಿಟ್ಟಿದ್ದರು. ಈಗ ಅಲ್ಲಿಯ ತನಕ ಮೋಟಾರು ಹೋಗುತ್ತದೆಂದು ತಿಳಿದು ಆಸೆ ಚಿಗುರಿದೆ. ಆದರೆ ಆಯಿಗೆ ಚಳಿಯೆಂದರೆ ಜೀವಭಯ. ಕುಮಟೆಯ ಸೆಕೆಯಲ್ಲೂ ಕಾಲುಚೀಲ ಬಿಚ್ಚುವವರಲ್ಲ. “ಗಾಡಿ ಬೆಚ್ಚಗಿದ್ರೆ ಬರ್ತೆ, ಇಲ್ದಿದ್ರೆ ಇಲ್ಲಿಂದ್ಲೇ ಕೈ ಮುಗೀತೆ” ಎಂದು ಹಟ ಹಿಡಿದಿದ್ದರಂತೆ. ನಾನು ಅಳತೆಪಟ್ಟಿ ಕೈಗೆತ್ತಿಕೊಂಡೆ.

“ಆತು, ಮಾಡಿಕೊಡ್ತೆ” ಎನ್ನುವಷ್ಟರಲ್ಲಿ ನನ್ನ ಹೆಂಡತಿ ಕೊಡದ ತುಂಬ ತಣ್ಣೀರು ಹೊತ್ತು ಬಂದು, “ತಲೆಗೆ ಹೊಯ್ಯೂದು ಇವರಿಗೇನಾ?” ಎಂದು ಕೇಳಿಯೇಬಿಟ್ಟಳು.

೨. ಕಾಯಿಯೋ ಕೊಳವೆಯೋ

ಬಿಸಿಗಾಳಿಯ ಏರ್ಪಾಡು ಹೀಗೆ: ಗಾಡಿಯ ಹಿಂದೆ, ಹೊರಗಡೆ, ಒಂದು ಇದ್ದಲ ಒಲೆ. ಹೊಗೆ ಚಿಮಣಿಯಿಂದ ಮೇಲಕ್ಕೆ. ಒಲೆಯ ಸುತ್ತ ತಗಡಿನ ಪೆಟ್ಟಿಗೆ. ಅದರಲ್ಲಿ ಕಾದ ಗಾಳಿ ಕೊಳವೆ ಹಿಡಿದು ಮಂಚದ ಕೆಳಗಿನಿಂದ ಒಳಗೆಲ್ಲ ಹರಿಯಬೇಕು. ಗಾಳಿ ನೂಕುವುದಕ್ಕೆ, ಕಮ್ಮಾರರು ಕುಲುಮೆಯ ಹತ್ತಿರ ಕೂತು ತಿರುಗಿಸುತ್ತಾರಲ್ಲ, ಅಂಥ ಕೈಪಂಖ. ಅದರ ಹಿಡಿಕೆ ಒಲೆಯ ಪಕ್ಕದಲ್ಲೇ, ಹೊರಗೆ.

“ಹಿಡಿಕೆ ತಿರುಗಿಸೂದು ಯಾರು?” ಎಂದು ಕೇಳಿದೆ.

“ನಾನು. ಆಯಿಗೋಸ್ಕರ ಅಷ್ಟೂ ಮಾಡೂದಿಲ್ವಾ?” ಎಂದರು ವ್ಯಾಪಾರಿ.

ಮಂಚದ ಅಳತೆಗೆಂದು ಆಯಿಯೇ ಬಂದರು. ಕಾಲುಚೀಲ ಸಮೇತ ಹಲಗೆಯ ಮೇಲೆ ಮಲಗಿ ನೋಡಿ, “ಉದ್ದ ಸಾಕು” ಎಂದು ಎದ್ದರು. ದೇವರಿಗೆ ಗೂಡು, ಉಪ್ಪಿನಕಾಯಿ ಭರಣಿಗೆ ಕಟ್ಟು, ಕಾಯಿ ತುರಿಯುವ ಮಣೆ ಜಾರದ ಹಾಗೆ ನೆಲಕ್ಕೆ ಮೊಳೆ, ಎಲ್ಲ ಹೇಳಿದರು. ಕೊನೆಗೆ ಮಂಚದ ಕೆಳಗೆ ಬಗ್ಗಿದರು.

“ಇಲ್ಲೆಂತ?”

“ಬಿಸಿಗಾಳಿ ಕೊಳವೆ, ಆಯಿ.”

“ಹಂಗಾರೆ ಕಾಯಿ ಎಲ್ಲಿ ಇಡೂದು? ಆ ಬದಿಗೆ ಕಾಯಿ ಸಿಗೂದಿಲ್ಲ. ಕಾಯಿ ಹಾಕದ ಪದಾರ್ಥ ತಿಂದು ನಾ ಬದರಿ ತನಕ ಬದುಕ್ತೆ ಅಂದುಕೊಂಡ್ಯಾ?”

ಬೆಚ್ಚಗಿಲ್ಲದಿದ್ದರೆ ಬರುವುದಿಲ್ಲ, ಕಾಯಿ ಇಲ್ಲದಿದ್ದರೂ ಬರುವುದಿಲ್ಲ. ಬಹಳ ಹೊತ್ತು ಪಂಚಾಯ್ತಿ ನಡೆದು, ಕೊಳವೆಯ ಎರಡೂ ಬದಿಗೆ ಸುಲಿದ ಕಾಯಿ ಒಟ್ಟುವುದೆಂದು ತೀರ್ಮಾನವಾಯಿತು. ಯಾತ್ರೆಯ ಗಾಡಿ ಎಂದು ಮಾತ್ರ ಅದನ್ನು ಕರೆಯುವಂತಿರಲಿಲ್ಲ. ಅದು ಅಡ್ಡ ಮಂಚ ಹಾಕಿದ ಕಾಯಿ ಗೋದಾಮು.

೩. ಜಂಗಲ್ಲಿನ ಮೇಲೆ ಚಾ

ತಗಡಿನ ಕೆಲಸಕ್ಕೆ ಭಟ್ಕಳದ ಸಾಹೇಬರೊಬ್ಬರನ್ನು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಗಾಡಿಯನ್ನು ಅವರ ಅಂಗಡಿಗೇ ಒಯ್ದೆ. ಅವರು ಸೀಮೆಎಣ್ಣೆ ಡಬ್ಬಿ ಬಿಡಿಸಿ, ಬೆಸೆದು, ಚಂದದ ಕೊಳವೆ ಮಾಡಿಕೊಟ್ಟರು. ಡಬ್ಬಿಯ ವಾಸನೆ ಹೋಗಲಿ ಎಂದು ವಾಪಸು ಬರುವಾಗ ಸಾಹೇಬರನ್ನೂ ಕೂರಿಸಿಕೊಂಡು, ಒಲೆಗೆ ಬೆಂಕಿ ಹಾಕಿಯೇ ಹೊರಟೆವು.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ದೋಣಿಗಳನ್ನು ಜೋಡಿಸಿ ಹಲಗೆ ಹಾಸಿದ ಜಂಗಲ್ಲಿನ ಮೇಲೆ ಗಾಡಿ ಏರಿಸಿ ಹೊಳೆ ದಾಟಬೇಕು. ಜಂಗಲ್ ಬಿಟ್ಟಿತು. ನಮ್ಮ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಸಾಹೇಬರು ಒಳಗೆ ಕೂತು ಕೊಳವೆಯ ಬಾಯಿಗೆ ಕೈ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಕಿಟಕಿಯಲ್ಲಿ ಒಂದು ಕೈ ಒಳಗೆ ಬಂತು.

“ಎರಡು ಚಾ. ಒಂದಕ್ಕೆ ಸಕ್ಕರೆ ಕಮ್ಮಿ.”

“ಚಾ ಇಲ್ಲ ಭಾಯಿ” ಎಂದರು ಸಾಹೇಬರು.

ಹಿಂದಿನಿಂದ ಇನ್ನೊಬ್ಬ, “ಹಂಗಾರೆ ತಿಂಡಿ ಎಂತ ಉಂಟು?” ಎಂದ. ನೋಡುತ್ತಿದ್ದಂತೆ ಜಂಗಲ್ಲಿನ ಜನವೆಲ್ಲ ನಮ್ಮ ಕಿಟಕಿಗೆ ಬಂದು, ಜಂಗಲ್ ಒಂದು ಬದಿಗೆ ವಾಲತೊಡಗಿತು. ಹುಟ್ಟು ಹಾಕುವವರು ಬಾಯಿಗೆ ಬಂದ ಹಾಗೆ ಬೈದರು. ಸಾಹೇಬರು ತಲೆ ಹೊರಹಾಕಿ ಕೂಗಿದರು: “ಇಲ್ಲಿ ಚಾ ಇಲ್ಲ, ತಿಂಡಿ ಇಲ್ಲ! ಬರೀ ಬಿಸಿಗಾಳಿ ಸಿಗ್ತದೆ!”

ಸಕ್ಕರೆ ಕಮ್ಮಿಯವನು ಆಕಾಶ ನೋಡಿ, ಬೆವರು ಒರೆಸಿಕೊಂಡು ಹೇಳಿದ: “ಅದು ಹೊರಗೆ ಪುಕ್ಕಟೆ ಸಿಗ್ತದಲ್ಲ ಸಾಹೇಬ್ರೇ, ನೀವು ಎಷ್ಟಕ್ಕೆ ಕೊಡ್ತ್ರಿ?”

೪. ಶುಭಶಕುನ

ಕೆಲಸ ಮುಗಿಯಿತು. ಆಯಿ ಒಪ್ಪಿದರೆ ಯಾತ್ರೆ, ಒಪ್ಪದಿದ್ದರೆ ನನ್ನ ಶ್ರಮವೆಲ್ಲ ಮಣ್ಣುಪಾಲು. ಕಾಯಿ ತುಂಬಿ, ಬಾಗಿಲು ಕಿಟಕಿ ಮುಚ್ಚಿ, ಆಯಿಯನ್ನು ಮಂಚದ ಮೇಲೆ ಕಂಬಳಿ ಹೊದೆಸಿ ಮಲಗಿಸಿದೆವು. ಹೊರಗೆ ಮಗ ಹಿಡಿಕೆ ತಿರುಗಿಸತೊಡಗಿದರು. ಒಳಗೆ ನಿಂತ ನನಗೆ ಉಸಿರು ಕಟ್ಟುವಷ್ಟು ಧಗೆ.

“ಹೆಂಗಿದ್ದು ಆಯಿ?”

“ಅಡ್ಡಿಲ್ಲ. ಪಾದಕ್ಕೆ ಸ್ವಲ್ಪ ಹತ್ತಿದಂಗೆ ಆತು. ಇನ್ನೂ ಬರಲಿ.”

ಮಗ ಇನ್ನೂ ಜೋರಾಗಿ ತಿರುಗಿಸಿದರು. ಆಗ ಆಯಿಯ ಬೆನ್ನಿನ ಕೆಳಗೇ ‘ಫಟ್’ ಎಂದಿತು. ಹಿಂದೆಯೇ ಇನ್ನೊಂದು, ಮತ್ತೊಂದು. ಸುಲಿದ ಕಾಯಿಗಳು ಕಾವಿಗೆ ಬಿರಿಯತೊಡಗಿದ್ದವು! ಕಾಯಿನೀರು ಹಲಗೆಯ ಸಂದಿಯಿಂದ ಹರಿದು ನನ್ನ ಪಾದಕ್ಕೆ ಬಂತು. ಮುಗಿಯಿತು ಕತೆ, ಈ ಮುದುಕಿ ಇನ್ನು ಗಾಡಿ ಹತ್ತುವುದಿಲ್ಲ ಎಂದುಕೊಂಡೆ. ಮಗ ಬಾಗಿಲು ತೆರೆದು, “ಎಂತ ಆತು, ಎಂತ ಆತು?” ಎನ್ನುತ್ತ ಓಡಿಬಂದರು.

ಆಯಿ ಎದ್ದು ಕೂತು ಎರಡೂ ಕೈ ಜೋಡಿಸಿದ್ದರು. ಕಣ್ಣಲ್ಲಿ ನೀರು.

“ನಾವು ಒಡೆಯೂ ಮೊದ್ಲೇ ಆ ಬದರಿಯವನೇ ಕಾಯಿ ಒಡೆಸಿಕೊಂಡ ತಮ್ಮಾ. ಇನ್ನು ಹೋಗದೇ ಇರೂ ಹಂಗಿಲ್ಲ.” ಆಮೇಲೆ ಕಣ್ಣೊರೆಸಿಕೊಂಡು, “ಒಡೆದದ್ದೆಲ್ಲ ಹೆರಕಿ ಕೊಡು, ಚಟ್ನಿ ಆಗ್ತದೆ” ಎಂದರು.

೫. ಹಿಡಿಕೆ

ಗಾಡಿ ಹೋದ ಮೇಲೆ ನನಗೆ ಸಮಾಧಾನವೇ ಇರಲಿಲ್ಲ. ಇಲ್ಲಿಯ ಸೆಕೆಯಲ್ಲಿ ಬಿಸಿಗಾಳಿ ಕೊಡುವುದು ದೊಡ್ಡ ವಿದ್ಯೆಯಲ್ಲ. ಹಿಮದಲ್ಲಿ ಆ ಜೀವ ನಡುಗಿದರೆ ಏನು ಗತಿ ಎಂದು ಯೋಚನೆ. ಮಳೆ ಹಿಡಿದ ಮೇಲೆ ಒಂದು ದಿನ ಗಾಡಿ ಬಂದು ಶೆಡ್ಡಿನೆದುರು ನಿಂತಿತು. ಮಗ ದುಂಡಗಾಗಿದ್ದರು. ಆಯಿ ಯಾರ ಕೈಯನ್ನೂ ಹಿಡಿಯದೆ ಟಣ್ಣನೆ ಇಳಿದರು. ಕಾಲುಚೀಲ ಇರಲಿಲ್ಲ.

“ದರ್ಶನ ಆತಾ ಆಯಿ? ಗಾಡಿ ಬೆಚ್ಚಗಿತ್ತಾ?”

“ದರ್ಶನ ಕಣ್ತುಂಬ ಆತು. ಬೆಚ್ಚಗಿನ ಸಂಗತಿ ಕೇಳು” ಎಂದು ಕಟ್ಟೆಯ ಮೇಲೆ ಕೂತರು. “ಅಲ್ಲಿ ಮುಟ್ಟಿದ ದಿನ ನಾ ಮಂಚದ ಮೇಲೆ, ಇವ ಹೊರಗೆ ತಿರುಗಿಸೂಕೆ. ಪಾದ ಬೆಚ್ಚಗೆ, ಮೂಗು ಮಾತ್ರ ಮರಗಟ್ಟಿ ಹೋಯ್ತು. ಮೂರು ಕಂಬಳಿ ಹೊದ್ರೂ ಹಲ್ಲು ಕಟಕಟ. ಪಾಪ, ಮಗ ಹೊರಗೆ ಚಳಿಗೆ ಸೆಟೆದು ಹೋದ್ನಾ ಅಂತ ಕಿಟಕಿಯಲ್ಲಿ ನೋಡ್ತೆ, ಇವ ತಿರುಗಿಸೀ ತಿರುಗಿಸೀ ಮೈ ಕಾದು, ಸ್ವೆಟರ್ ಬಿಚ್ಚಿಟ್ಟು ಬನೀನಲ್ಲಿ ಬೆವರ್ತಾ ನಿಂತಿದ್ದ!”

ಮಗ ನಾಚಿಕೊಂಡು ನಕ್ಕರು. “ಆಯಿ ಇಳಿದು ಬಂದು ಹಿಡಿಕೆ ಕಸಿದುಕೊಂಡ್ರು. ಆಮೇಲೆ ನಂಗೆ ಕೊಟ್ಟಿದ್ದೇ ಇಲ್ಲ. ನಾ ಒಳಗೆ ಆಯಿ ಮಂಚದ ಮೇಲೆ ಮಲಗೂದು, ಆಯಿ ಹೊರಗೆ ತಿರುಗಿಸೂದು. ನೋಡಿದ ಯಾತ್ರಿಕರೂ ಬಂದು ‘ಅಮ್ಮಾ, ನಮಗೂ ಸ್ವಲ್ಪ’ ಅಂತ ನಿಂತ್ರು. ಬದರಿಯಲ್ಲಿ ಎರಡು ಸಾಲು: ದೇವರಿಗೆ ಒಂದು, ಹಿಡಿಕೆಗೆ ಒಂದು.”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಕೊಳವೆ! ಆದರೂ ಆಯಿಯ ಮುಖದ ಕಳೆ ನೋಡಿ ಮನಸ್ಸು ತುಂಬಿಬಂತು. ಆಯಿ ನನ್ನ ಬೆನ್ನು ತಟ್ಟಿದರು.

“ಬೇಜಾರು ಮಾಡ್ಕೊಳ್ಳಬೇಡ. ಮುಂದಿನ ವರ್ಷ ಮತ್ತೆ ಹೋಗ್ತೆ. ಒಂದೇ ಒಂದು ಸಣ್ಣ ಬದಲು ಮಾಡಿಕೊಡು. ಆ ಹಿಡಿಕೆ ಒಳಗೆ ಹಾಕು, ಒಲೆ ಬಿಚ್ಚಿ ತೆಗಿ, ಕೊಳವೆ ಕಿತ್ತು ಬಿಸಾಕು. ಅಲ್ಲಿ ಇನ್ನಷ್ಟು ಕಾಯಿ ಹಿಡೀತದೆ.”