ಮಿಷನ್ನಿನ ಕಾವು, ದೊಡ್ಡವ್ವನ ಮದ್ದು

ನಮ್ಮ ದೊಡ್ಡವ್ವನ ಪ್ರಕಾರ ಈ ಜಗತ್ತಿನಲ್ಲಿ ಇರುವುದು ಎರಡೇ ಜಾತಿ. ಒಂದು ಉಷ್ಣ, ಇನ್ನೊಂದು ತಂಪು. ಮೂರನೆಯದನ್ನು ದೇವರು ಹುಟ್ಟಿಸಿಲ್ಲ. ಹುಟ್ಟಿಸಿದ್ದರೂ ದೊಡ್ಡವ್ವ ಒಪ್ಪಿಕೊಂಡಿಲ್ಲ!

ಪಪ್ಪಾಯಿ ಉಷ್ಣ, ಮಜ್ಜಿಗೆ ತಂಪು ಎಂದರೆ ಯಾರು ಅಲ್ಲವೆನ್ನುತ್ತಾರೆ? ಆದರೆ ನಮ್ಮ ಅವ್ವನ ಈ ಅಕ್ಕ ಅಷ್ಟಕ್ಕೆ ನಿಲ್ಲುವವಳಲ್ಲ. ನರಗುಂದದವರು ಉಷ್ಣವಂತೆ, ಅಲ್ಲಿನ ಗುಡ್ಡದ ಕಲ್ಲು ಕಾದು ಕಾದು ಅವರ ಮಾತಿಗೂ ಕಾವು ಹತ್ತಿದೆಯಂತೆ. ರೋಣದವರು ತಂಪು. ಯಾಕೆ? ಅವಳನ್ನು ಕೊಟ್ಟಿದ್ದು ರೋಣಕ್ಕೆ, ಆ ಮನೆಯಲ್ಲಿ ಒಬ್ಬೊಬ್ಬರಿಂದ "ಹೂಂ" ಅನ್ನಿಸಲು ಅರ್ಧ ದಿನ ಬೇಕಾಗುತ್ತಿತ್ತಂತೆ! ಗಂಡ ತೀರಿಕೊಂಡ ಮೇಲೆ ಗಜೇಂದ್ರಗಡದ ನಮ್ಮ ಮನೆಗೆ ಬಂದವಳು, ಬಂದ ದಿನವೇ ನಮ್ಮನ್ನೆಲ್ಲ ಎರಡು ಜಾತಿಯಲ್ಲಿ ಹಂಚಿಬಿಟ್ಟಳು.

ಅವಳ ಪಾಲಿಗೆ ಎಲ್ಲಕ್ಕಿಂತ ಉಷ್ಣದ ಪದಾರ್ಥ ಯಾವುದು ಗೊತ್ತೇ? ಓದು! ನಾನೋ, ಸಂತೆಪೇಟೆಯಲ್ಲಿ ಹಮಾಲಿ ಮಾಡುವ ಅಪ್ಪನ ಮಗಳು. ರೋಣದ ಕಾಲೇಜಿಗೆ ಬಸ್ಸಿನಲ್ಲಿ ನಿಂತೇ ಹೋಗಿ, ನಿಂತೇ ಬಂದು ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಯಾರೂ ಇಲ್ಲ. ಇದನ್ನು ಹೇಳಲು ನನಗೆ ಸಂಕೋಚವೂ ಇಲ್ಲ. ಫಲಿತಾಂಶದ ದಿನ ನಾನು ಕುಣಿಯುತ್ತಿದ್ದರೆ ದೊಡ್ಡವ್ವ ಹರಳೆಣ್ಣೆ ಬಾಟಲಿ ಹಿಡಿದು ಬಂದು ನನ್ನ ನೆತ್ತಿಗೆ ಬಡಿದಳು.

"ಅಯ್ಯ ದೊಡ್ಡವ್ವಾ, ಫೋಟೋ ತಗಸೂದೈತಿ!"

"ಸುಮ್ನ ಕುಂದ್ರು. ಮೂರು ವರ್ಷದ ಕಾವು ಐತಿ, ಇಳೀಬೇಕು."

ಆ ಫೋಟೋ ಈಗಲೂ ಇದೆ. ಎಣ್ಣೆ ಹಣೆಯ ಮೇಲೆ ಇಳಿಯುತ್ತಿದೆ. ನೋಡಿದವರಿಗೆ ನಾನು ಪದವೀಧರೆಯೋ ಬಾಣಂತಿಯೋ ತಿಳಿಯುವುದಿಲ್ಲ! "ಚಲೋ ಮಾಡಿದಿ" ಎಂದು ಮಾತ್ರ ಅವಳ ಬಾಯಲ್ಲಿ ಬರಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ.

ಇಂಥ ದೊಡ್ಡವ್ವನಿರುವ ಮನೆಗೆ ಲ್ಯಾಪ್‌ಟಾಪ್ ಬಂತು. ಗದಗಿನಿಂದ ತಂದ ಹಳೇ ಮಾಲು, ಆದರೂ ನಮ್ಮ ಓಣಿಗೆ ಅದೇ ಮೊದಲನೆಯದು. ಮದುವೆಯ ವಿಡಿಯೋ ತೆಗೆದು ಸೀಡಿ ಮಾಡಿಕೊಡುವ ಉದ್ಯೋಗ ಶುರು ಮಾಡಿದ್ದೆ. ಪಕ್ಕದ ಮನೆಯ ಜವಳಿ ಅಂಗಡಿಯ ಚಾಚಾನ ಮಗಳ ನಿಕಾಹ್ ನನ್ನ ಮೊದಲ ಕೆಲಸ. ಅವರ ಮದುವೆಯಲ್ಲಿ ಹೆಣ್ಣುಮಕ್ಕಳ ಕಡೆ ಗಂಡಸು ಕ್ಯಾಮೆರಾ ಹಿಡಿದು ಹೋಗುವಂತಿಲ್ಲವಲ್ಲ. ಈ ಮೂರೂ ಊರುಗಳಲ್ಲಿ ಕ್ಯಾಮೆರಾ ಹಿಡಿಯುವ ಹೆಣ್ಣುಮಗಳು ನಾನೊಬ್ಬಳೇ! ಶುಕ್ರವಾರ ನಮಾಜು ಮುಗಿದ ಮೇಲೆ ನರಗುಂದದಿಂದ ಬೀಗರು ಬರುವವರಿದ್ದರು. ಅಷ್ಟರೊಳಗೆ ಸೀಡಿ ಬೇಕು.

ಅಪ್ಪ ಒಂದೇ ಮಾತು ಹೇಳಿದ್ದ. "ನೋಡವಾ, ಇದು ಹೊತ್ತಿಗೆ ಸರಿಯಾಗಿ ಆತಂದ್ರ ಚಲೋ. ಆಗಲಿಲ್ಲಂದ್ರ ಆ ಡಬ್ಬಿ ಮಾರಿ, ದಲಾಲಿ ಅಂಗಡ್ಯಾಗ ಬರಿಯೂ ಕೆಲಸಕ್ಕ ಹೋಗು. ಸಾವಕಾರ್‍ರ ಕಡೆ ಮಾತಾಡೇನಿ."

ಚಿತ್ರದ ತುಣುಕುಗಳನ್ನು ಜೋಡಿಸುವುದು ನನ್ನ ಕೆಲಸ. ಅವನ್ನೆಲ್ಲ ಬೆಸೆದು ಒಂದೇ ಸಿನಿಮಾ ಮಾಡುವುದು ಯಂತ್ರದ ಕೆಲಸ. ಅದಕ್ಕೆ ಗಂಟೆಗಟ್ಟಲೆ ದುಡಿಯಬೇಕು, ದುಡಿದಷ್ಟೂ ಬಿಸಿ. ಒಳಗಿನ ಪುಟ್ಟ ಫ್ಯಾನು ಅಡಿಯ ಕಿಂಡಿಗಳಿಂದ ಗಾಳಿ ಎಳೆದು, ಬಿಸಿಯನ್ನು ಪಕ್ಕದಿಂದ ಉಗುಳುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇನ್ನೂ ಏರಿತೋ, ಒಳಗಿನದು ಸುಡಬಾರದೆಂದು ಟಪ್ಪನೆ ಆರಿಹೋಗುತ್ತದೆ.

ಮಂಗಳವಾರ ಕೆಲಸಕ್ಕೆ ಹಚ್ಚಿ ನೀರಿಗೆ ಹೋದೆ. ಬರುವಷ್ಟರಲ್ಲಿ ದೊಡ್ಡವ್ವ ಅದನ್ನು ನಾಲ್ಕು ಮಡಿಕೆಯ ಕೌದಿಯ ಮೇಲೆ ಕೂರಿಸಿದ್ದಳು.

"ನೆಲ ಬಿರುಸೈತಿ, ಪಾಪ. ಮೆತ್ತಗಿರ್ಲಿ ಅಂತ ಹಾಸೇನಿ."

ಅಡಿಯ ಕಿಂಡಿಗಳೆಲ್ಲ ಕೌದಿಯಲ್ಲಿ ಹುಗಿದುಹೋಗಿ ಯಂತ್ರ ಆರಿತ್ತು. ವಧುವಿನ ಮೆಹಂದಿಯವರೆಗೆ ಬಂದಿದ್ದ ಮದುವೆ ಮತ್ತೆ ಮೊದಲಿನಿಂದ!

ಬುಧವಾರ ಅವಳಿಗೆ ಕುಳಿತು ತಿಳಿಸಿ ಹೇಳಿದೆ. ಯಂತ್ರಕ್ಕೆ ಜ್ವರ ಬಂದಂತೆ, ಗಾಳಿ ಆಡಬೇಕು ಎಂದೆ. ಹಾಗೆ ಹೇಳಿದ್ದೇ ತಪ್ಪಾಯಿತು. ಜ್ವರ ಎಂದ ಮೇಲೆ ದೊಡ್ಡವ್ವ ಸುಮ್ಮನಿರುವಳೇ? ಮಧ್ಯಾಹ್ನ ನೋಡುತ್ತೇನೆ, ಒದ್ದೆ ಬಟ್ಟೆ ಹಿಂಡಿಕೊಂಡು ಲ್ಯಾಪ್‌ಟಾಪಿನ ನೆತ್ತಿಗೆ ಪಟ್ಟಿ ಹಾಕಲು ಬಗ್ಗಿದ್ದಾಳೆ! ನಾನು ಕಿರುಚಿದ ಅಬ್ಬರಕ್ಕೆ ಪಕ್ಕದ ಮನೆಯ ಚಾಚಿ ಓಡಿ ಬಂದಳು. ಗಡಿಬಿಡಿಯಲ್ಲಿ ನನ್ನ ಕಾಲು ವೈರಿಗೆ ತೊಡರಿ ಪ್ಲಗ್ಗು ಕಿತ್ತುಬಂತು. ಹಳೇ ಮಾಲಿನ ಬ್ಯಾಟರಿ ಎಷ್ಟು ಹೊತ್ತು ತಾಳೀತು? ಎರಡನೆಯ ಸಲವೂ ಮದುವೆ ಮುರಿಯಿತು.

"ಅಲ್ಲವಾ, ಇದು ತಂಪಿದ್ರ ದುಡಿಯಂಗಿಲ್ಲ, ದುಡಿದ್ರ ತಂಪಿರಂಗಿಲ್ಲ," ಎಂದಳು ದೊಡ್ಡವ್ವ, ಒದ್ದೆ ಬಟ್ಟೆಯನ್ನು ತನ್ನ ತಲೆಗೇ ಹಾಕಿಕೊಂಡು. "ಥೇಟ್ ನಮ್ಮ ಮನಿ ಗಂಡಸ್ರು!"

ಚಾಚಿ ನಕ್ಕಳು, ಆದರೆ ಹೋಗುವಾಗ ಬಾಗಿಲಲ್ಲಿ ನಿಂತಳು. "ಬೇಟಿ, ಶುಕ್ರವಾರಕ್ಕ ಆಗತೈತಲ್ಲ? ಬೀಗರ ಮುಂದ ನಮ್ಮ ಮಾರಿ ಸಣ್ಣದಾಗಬಾರದು ನೋಡು."

ಗುರುವಾರ ನಸುಕಿಗೆ ಎದ್ದು ಒಂದು ನಿರ್ಧಾರ ಮಾಡಿದೆ. ಯಂತ್ರವೇ ಸೋತು ವೇಗ ಇಳಿಸುವ ಮೊದಲು ನಾನೇ ಇಳಿಸುವುದು. ಅದಕ್ಕೆ ಯಂತ್ರದಲ್ಲೇ ಒಂದು ವ್ಯವಸ್ಥೆ ಇರುತ್ತದೆ. ಅರ್ಧ ಜೋರಿನಲ್ಲಿ ಓಡು ಎಂದು ಹೇಳಿದರೆ ಸಾಕು. ಹೊತ್ತು ಹಿಡಿಯುತ್ತದೆ, ಆದರೆ ಆರುವುದಿಲ್ಲ. ಯಂತ್ರದ ಕೆಳಗೆ ಗಾಳಿ ಆಡಲೆಂದು ಅಡುಗೆಮನೆಯ ತಗಡಿನ ಜರಡಿಯನ್ನು ಕದ್ದು ತಂದು, ಬೋರಲು ಹಾಕಿ ಮೇಲೆ ಕೂರಿಸಿದೆ.

"ನನ್ನ ಜರಡಿ ಎಲ್ಲೈತಿ?"

"ಮಿಷನ್ ಕೆಳಗ ಐತಿ. ನಾಳಿ ತನಕ ಮುಟ್ಟಬ್ಯಾಡ ದೊಡ್ಡವ್ವ."

"ಹಿಟ್ಟು ಸಾಣಿಸದ ರೊಟ್ಟಿ ಹ್ಯಾಂಗ ಬಡೀಲಿ? ಮಿಷನ್ನೂ ಇಷ್ಟು ನಿಧಾನ? ನಮ್ಮ ರೋಣದ ಮಾವ ಇದಕ್ಕಿಂತ ಲಗೂ ಇದ್ದ!"

ಅವತ್ತು ಮನೆಮಂದಿಗೆಲ್ಲ ಅನ್ನವೇ ಗತಿಯಾಯಿತು. ಅಪ್ಪ ತಟ್ಟೆ ನೋಡಿದ, ಜರಡಿ ನೋಡಿದ, ಅನ್ನ ಕಲಸಿದ. ದೊಡ್ಡವ್ವ ಬೈಯುತ್ತಲೇ ಬೀಸಣಿಗೆ ಹಿಡಿದು ಯಂತ್ರದ ಪಕ್ಕ ಕುಳಿತವಳು ಸಂಜೆಯವರೆಗೆ ಏಳಲಿಲ್ಲ. ಶುಕ್ರವಾರ ನಮಾಜಿನ ಹೊತ್ತಿಗೆ ಸೀಡಿ ಬಿಸಿಬಿಸಿಯಾಗಿ ಹೊರಬಂತು. ಪೂರ್ತಿ ನೋಡಿ ಪರೀಕ್ಷಿಸಲು ಪುರುಸೊತ್ತು ಎಲ್ಲಿಂದ ಬರಬೇಕು? ಹಾಗೆಯೇ ಒಯ್ದು ಕೊಟ್ಟೆ.

ಚಾಚಿಯ ಮನೆಯ ಒಳಕೋಣೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ನರಗುಂದದ ಬೀಗಿತಿ ಎದುರಿಗೆ, ನಾನು ಗೋಡೆಗೆ, ದೊಡ್ಡವ್ವ ಟೀವಿಯ ಪಕ್ಕಕ್ಕೆ. ಮದುಮಗಳು ಬಂದಳು, ಹಾಡು ಬಂತು, ಎಲ್ಲರೂ ನಕ್ಕರು, ನನಗೆ ಉಸಿರು ಬಂತು. ಆಮೇಲೆ ಊಟದ ದೃಶ್ಯ. ಅಲ್ಲಿ ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಓಡಲು ಬಿಟ್ಟು ಊಟಕ್ಕೆ ಕುಳಿತಿದ್ದೆ. ಹಾಕಿದ್ದ ಹಾಡು ಚಿತ್ರಕ್ಕಿಂತ ಮೊದಲೇ ಮುಗಿಯಿತು. ಹಾಡಿಲ್ಲದ ಆ ಜಾಗದಲ್ಲಿ ಕ್ಯಾಮೆರಾ ಹಿಡಿದಿದ್ದ ಸದ್ದೇ ಉಳಿದು, ಪರದೆಯ ಮೇಲೆ ಕಾಣದ ದೊಡ್ಡವ್ವನ ದನಿ ಕೇಳಿಸಿತು. ಪಕ್ಕದಲ್ಲಿದ್ದ ಚಾಚಿಗೆ ಹೇಳುತ್ತಿದ್ದಳು:

"ತಂಗೀ, ನಮ್ಮ ಹುಡುಗಿಗೆ ನೀನರ ಎದುರಿಗೆ ಎರಡು ಚಲೋ ಮಾತು ಹೇಳವಾ. ನಮ್ಮ ಮನಿತನಕ್ಕೆಲ್ಲ ಅಕಿ ಒಬ್ಬಾಕಿನ ಅಷ್ಟು ಓದ್ಯಾಳ. ದಿನಾ ಹೇಳಬೇಕು ಅನಸ್ತೈತಿ ನನಗ. ಹೇಳಿದ್ರ ನಂದ ದೃಷ್ಟಿ ತಾಗತೈತಿ. ಅದಕ ಬೈಕೋತ ಅಡ್ಡಾಡತೀನಿ."

ಕೋಣೆಯ ಕಣ್ಣುಗಳೆಲ್ಲ ಅವಳ ಕಡೆ ತಿರುಗಿದವು. ಚಾಚಿ ನಗುತ್ತ ನನ್ನ ಗಲ್ಲ ಹಿಡಿದಳು. "ಭಾಳ ಚಲೋ ಮಾಡಿದಿ ಬೇಟಿ. ನಾನೂ ಹೇಳ್ತೀನಿ, ನಿಮ್ಮ ದೊಡ್ಡವ್ವಂದೂ ಸೇರಿಸಿ ಹೇಳ್ತೀನಿ." ಬೀಗಿತಿ, "ನಮ್ಮ ಸಣ್ಣ ಮಗಳ ನಿಕಾಹಕ್ಕ ನರಗುಂದಕ್ಕ ಬರ್ತೀಯೇನವಾ?" ಎಂದಳು.

ನಾನು ಉತ್ತರ ಕೊಡುವಷ್ಟರಲ್ಲಿ ದೊಡ್ಡವ್ವ ದಡಬಡಿಸಿ ಎದ್ದಳು. ನನ್ನ ಕಡೆ ನೋಡಲಿಲ್ಲ. ಟೀವಿಯ ನೆತ್ತಿಗೆ ಅಂಗೈ ಊರಿ ಗದರಿದಳು:

"ಬಂದ್ ಮಾಡ್ರಿ, ಬಂದ್ ಮಾಡ್ರಿ! ಭಾಳ ಕಾದೈತಿದು!"

ನಾನೂ ಹೋಗಿ ಅವಳ ಕೈಯ ಪಕ್ಕದಲ್ಲಿ ಕೈ ಇಟ್ಟೆ. ಟೀವಿ ಹಚ್ಚಿ ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ, ತಣ್ಣಗಿತ್ತು.

"ಹೌದು ದೊಡ್ಡವ್ವಾ," ಎಂದೆ. "ಭಾಳ ಕಾದೈತಿ."