ಪೆಟ್ಟು ತಿಂದವರ ಕಡೆಯ ವಕೀಲ

ನಾನು ಮಂಡ್ಯದಲ್ಲಿ ವಕೀಲಿಕೆಗೆ ಕೂತಾಗ ನಮ್ಮ ಸೀಮೆಗೆ ಬಸ್ಸು ಹೊಸದು, ಕರೆಂಟು ಅದಕ್ಕಿಂತ ಹೊಸದು. ರಸ್ತೆ ಮಾತ್ರ ಹಳೆಯದು. ಯಾರಾದರೂ ಎಲ್ಲಾದರೂ ಬಿದ್ದು, ಇಲ್ಲವೇ ಗುದ್ದಿಸಿಕೊಂಡು ನನ್ನ ಜಗಲಿಗೆ ಬರುತ್ತಲೇ ಇರೋರು. ಬರುವಾಗ ಅಳುತ್ತಿದ್ದರು, ಅವರು ಕಟಕಟೆ ಹತ್ತಿದ ಮೇಲೆ ನಗು ತಡೆಯೋದು ನಮಗೆ ಕಷ್ಟವಾಗೋದು.

ನಿಡಘಟ್ಟದ ಗಾಡಿ

ನಿಡಘಟ್ಟದ ರೈತನೊಬ್ಬನ ಎತ್ತಿನಗಾಡಿಗೆ ಬೆಂಗಳೂರು ರಸ್ತೆಯಲ್ಲಿ ಬಸ್ಸು ಗುದ್ದಿತ್ತು. ಚಕ್ರ ಮುರಿದು, ಅವನ ಭುಜಕ್ಕೆ ಪೆಟ್ಟಾಗಿತ್ತು. ಗಾಡಿ ನಡುರಸ್ತೆಯಲ್ಲಿತ್ತು ಅಂತ ಬಸ್ಸಿನವರ ವಾದ. ಮದ್ದೂರಿನಲ್ಲಿ ವಿಚಾರಣೆ.

"ರಸ್ತೆಯ ಯಾವ ಕಡೆ ಹೋಗ್ತಿದ್ದೆ?" ಅಂತ ಜಡ್ಜ್ ಸಾಹೇಬರು ಕೇಳಿದರು.

"ಗೊತ್ತಿಲ್ಲ ಬುದ್ಧಿ. ನಾನು ಮನಿಕ್ಕಂಡಿದ್ದೆ."

"ಮತ್ತೆ ಗಾಡಿ ಹೊಡೀತಿದ್ದವರು ಯಾರು?"

"ಎತ್ಗಳೇ ನಡ್ಕಂಡ್ ಓಯ್ತವೆ ಬುದ್ಧಿ, ಅವುಕ್ಕೆ ದಾರಿ ಗೊತ್ತು. ಇಲ್ಲೇ ಆಚೆ ನಿಲ್ಸಿವ್ನಿ, ಬೇಕಾದ್ರೆ ಕೇಳಿ."

ಸಾಹೇಬರು ಕಿಟಕಿಯಿಂದ ಬಗ್ಗಿ ನೋಡಿದರು. ಎತ್ತುಗಳು ರಸ್ತೆಯ ಎಡಬದಿಗೆ ಒತ್ತಿಕೊಂಡು ಮೆಲುಕು ಹಾಕುತ್ತಿದ್ದವು. "ಒಳ್ಳೆ ಸಾಕ್ಷಿ ಕಣಯ್ಯಾ," ಅಂದರು.

ಮಳವಳ್ಳಿಯ ಲಾಟೀನು

ಮಳವಳ್ಳಿಯಲ್ಲಿ ಒಬ್ಬ ಕಂಟ್ರಾಕ್ಟರು ಬೀದಿಯಲ್ಲಿ ಗುಂಡಿ ತೋಡಿಸಿ ಹಾಗೇ ಬಿಟ್ಟಿದ್ದ. ಜನ ಬಯ್ದ ಮೇಲೆ ಅದರ ಅಂಚಿಗೊಂದು ಲಾಟೀನು ಇಡಿಸಿದ. ಅದೇ ಸಂಜೆ ಅರ್ಚಕರೊಬ್ಬರು ಗುಂಡಿಗೆ ಬಿದ್ದು ಸೊಂಟ ಉಳುಕಿಸಿಕೊಂಡರು.

"ದೀಪ ಉರೀತಿತ್ತಲ್ಲ ಸ್ವಾಮಿ, ಕಾಣಲಿಲ್ಲವೆ?" ಅಂತ ಎದುರು ಕಡೆಯ ವಕೀಲರು ಪಟ್ಟು ಹಿಡಿದರು.

"ಕಂಡಿತು, ಅದಕ್ಕೇ ಹೋದೆ. ಇಲ್ಯಾಕೆ ದೀಪ ಇಟ್ಟಿದ್ದಾರೆ ಅಂತ ಬಗ್ಗಿ ನೋಡಿದೆ," ಅಂದರು ಅರ್ಚಕರು. "ಬಿದ್ದ ಮೇಲೆ ಗೊತ್ತಾಯಿತು."

ಕೊತ್ತತ್ತಿಯವನ ಪಟ್ಟಿ

ಕೊತ್ತತ್ತಿಯ ರೈತನೊಬ್ಬನ ಎಡಪಾದವನ್ನು ಹಿಂದಕ್ಕೆ ಬರುತ್ತಿದ್ದ ಬಸ್ಸು ಜಜ್ಜಿತ್ತು. ನಾಟಿಯ ಕಾಲ. ಅವನು ಗದ್ದೆಗೆ ಇಳಿಯುವಂತಿಲ್ಲ, ಹೆಂಡತಿಯೊಬ್ಬಳೇ ಒದ್ದಾಡುತ್ತಿದ್ದಳು. ಬಸ್ಸಿನ ಮಾಲೀಕ "ಎಲ್ಲಾ ನಾಟಕ" ಅಂತ ಪರಿಹಾರಕ್ಕೆ ಒಪ್ಪಿರಲಿಲ್ಲ. ಹಾಗಾಗಿ ನಾನು, "ಕೋರ್ಟಿಗೆ ಬರುವಾಗ ಕಾಲಿಗೆ ಪಟ್ಟಿ ಇಲ್ಲದೆ ಬರಬೇಡಪ್ಪ," ಅಂತ ಹೇಳಿ ಕಳಿಸಿದ್ದೆ.

ಹೆಂಡತಿಯ ಹೆಗಲು ಹಿಡಿದು ಬಂದ, ಕಟಕಟೆ ಹತ್ತಿದ. ಎದುರು ವಕೀಲರು ಮೀಸೆಯಲ್ಲೇ ನಗುತ್ತಾ ಎದ್ದರು. "ಏಟು ಎಡಗಾಲಿಗೆ ಅಂತಾರೆ ಸ್ವಾಮಿ. ಪಟ್ಟಿ ನೋಡಿದರೆ ಬಲಗಾಲಿಗಿದೆ."

ನೋಡಿದೆ, ನಿಜ.

"ಏನಯ್ಯಾ ಇದು?" ನ್ಯಾಯಾಧೀಶರು ಗದರಿದರು.

"ಎಡಗಾಲ್ಗೆ ಕಟ್ಟುದ್ರೆ ಪ್ರಾಣ ಓಗಂಗ್ ನೋಯ್ತದೆ ಬುದ್ಧಿ. ಲಾಯರ್ ಸ್ವಾಮೇರು ಪಟ್ಟಿ ಇಲ್ದೆ ಬರ್ಬ್ಯಾಡ ಅಂದ್ರು. ಅದ್ಕೇ ನೋವಿಲ್ದಿರೋ ಕಾಲ್ಗೆ ಕಟ್ಕಂಡ್ ಬಂದೆ."

"ನಾನ್ ಬ್ಯಾಡ ಅಂದೆ ಸ್ವಾಮಿ, ಕೇಳ್ನಿಲ್ಲ," ಅಂದಳು ಹೆಂಡತಿ.

ಕೋರ್ಟಿಗೆ ಕೋರ್ಟೇ ನಕ್ಕಿತು. ನ್ಯಾಯಾಧೀಶರು ಎಡಗಾಲು ತೋರಿಸು ಅಂದರು. ಅವನು ಪಂಚೆ ಸರಿಸಿದಾಗ ಪಾದ ಊದಿ ಕಪ್ಪಗಾಗಿತ್ತು. ಬಸ್ಸಿನ ಮಾಲೀಕ ಅದನ್ನೇ ಸ್ವಲ್ಪ ಹೊತ್ತು ನೋಡಿ, ತಾನಾಗಿ ಎದ್ದು, "ವಾದ ಬೇಡ ಸ್ವಾಮಿ, ಪರಿಹಾರ ಕೊಡ್ತೀನಿ," ಅಂದ.

ಆಚೆ ಬಂದು ಮರದ ನೆರಳಿಗೆ ಕೂತೆವು. ನನಗೆ ಗೆದ್ದ ಖುಷಿ, ಆ ಹೆಂಗಸಿನ ಮುಖದಲ್ಲೂ ಗೆಲುವು. ಅವನೊಬ್ಬನೇ ಮುಖ ಕಿವುಚಿಕೊಂಡಿದ್ದ.

"ಇನ್ನೇನಪ್ಪ ಚಿಂತೆ?" ಅಂದೆ.

"ಕೇಸ್ ಮುಗೀತಲ್ಲ ಸ್ವಾಮಿ, ಈ ಪಟ್ಟಿ ಬಿಚ್ಬೋದಾ? ಬಿಗಿಯಾಗ್ ಕಟ್ಟಿ ಈಗ ಈ ಕಾಲೂ ನೋಯ್ತಾ ಅದೆ."