ಹದಿನಾಲ್ಕು ಕಾಲಿನ ಹುಳ

ಆ ದಿನ ಬೆಳಿಗ್ಗೆ ಹತ್ತಕ್ಕೇ ಬಂಡುವಿನ ಜೀವ ಬಾಯಿಗೆ ಬಂತು. ಕಾರಣ, ಅಂಗೈಯಗಲದ ಒಂದು ಗಾಜಿನ ಪೆಟ್ಟಿಗೆ. ಅದೂ ಖಾಲಿ.

“ನಾಕ ಗಂಟೆಕ್ಕ ಕಸ್ತೂರೆವ್ವನೋರು ಸನ್ಮಾನಕ್ಕ ಬರ್ತಾರ. ಅವರು ಕಳಿಸಿದ ಪೆಟ್ಟಿಗಿ ಸ್ಟೇಜಿನ ಮ್ಯಾಲ ಇಡು. ಏನರೆ ಹೆಚ್ಚುಕಡಿಮಿ ಆತೋ, ನಾಳಿಂದ ನೀ ಸಾಲಿಗೆ ಬರಬ್ಯಾಡ,” ಎಂದು ತೇರದಾಳದ ಹೈಸ್ಕೂಲಿನ ಹೆಡ್‌ಮಾಸ್ತರು ಶಿವಯೋಗೆಪ್ಪನವರು ಹೇಳಿ ಹೋದರು. ಬಂಡು ಅಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಹಂಗಾಮಿ ನೌಕರ. ಆರು ವರ್ಷದಿಂದ ಕಾಯಂ ಆಗುವ ಆಸೆಯಲ್ಲೇ ಇದ್ದ.

ಕಸ್ತೂರೆವ್ವ ಇದೇ ಊರಿನ ಹೆಣ್ಣುಮಗಳು. ಕಂಪ್ಯೂಟರ್ ಎಂದರೇನೆಂದು ಯಾರಿಗೂ ಗೊತ್ತಿಲ್ಲದ ಕಾಲಕ್ಕೆ ಮುಂಬೈಯಲ್ಲಿ ಅದರ ಕಂಪನಿಯನ್ನೇ ನಡೆಸಿದವರು. ನೂರಾರು ಗಂಡಸರು ಅವರ ಮುಂದೆ ಕೈಕಟ್ಟಿ ನಿಂತಿದ್ದರಂತೆ. ತಿಂಗಳ ಹಿಂದೆ ಅವರು ಸಾಲೆಗೆ ಆ ಪೆಟ್ಟಿಗೆ ಕಳಿಸಿದಾಗ ಹೆಡ್‌ಮಾಸ್ತರು ಬಿಚ್ಚಿಯೂ ನೋಡದೆ ಬಂಡುವಿಗೆ ಕೊಟ್ಟಿದ್ದರು. ಜೊತೆಗೊಂದು ಚೀಟಿ: ‘ನನ್ನ ಮೊದಲ ಹುಳ. ಹದಿನಾಲ್ಕು ಕಾಲು.’

ಬಿಚ್ಚಿ ನೋಡಿದರೆ ಒಳಗೆ ಕರಿ ಮೈ, ಎರಡೂ ಕಡೆ ಏಳೇಳು ಕಾಲು, ಅಲುಗಾಟವಿಲ್ಲ. ಬಂಡು ಇರುವೆ ಬಂದರೂ ದಾರಿ ಬಿಡುವ ಜೈನ. ಅವನ ಕರುಳು ಚುರ್ರೆಂದಿತು. ಪಾಪ, ಸತ್ತ ಜೀವವನ್ನು ಗಾಜಿನೊಳಗಿಟ್ಟು ನೋಡುವುದೇ? ಸಾಲೆಯ ಬೇವಿನ ಗಿಡದ ಬುಡದಲ್ಲಿ ಅದನ್ನು ಮಣ್ಣು ಮಾಡಿ, ಪಂಚನಮಸ್ಕಾರ ಮಂತ್ರ ಹೇಳಿ, ಒಂದು ದಿನ ಉಪವಾಸವನ್ನೂ ಮಾಡಿದ್ದ.

ಇಷ್ಟೊತ್ತಿಗೆ ಅದು ಮಣ್ಣಲ್ಲಿ ಮಣ್ಣಾಗಿರುತ್ತದೆ. ಈಗ ಬೇರೆ ಹುಳ ಬೇಕು. ಕೊಲ್ಲುವಂತಿಲ್ಲ, ತಾನಾಗಿಯೇ ಸತ್ತದ್ದಾಗಬೇಕು. ಹೆದರಿಕೆಗೆ ಬುತ್ತಿಯನ್ನೂ ಮುಟ್ಟದೆ ಓಣಿಗೆ ಓಡಿದ.

“ಅಕ್ಕವ್ವಾರ, ನಿಮ್ಮ ಜ್ವಾಳದಾಗ ಸತ್ತ ಹುಳ ಅದಾವೇನ್ರಿ?”

“ಎಲಾ ಇವನ! ನನ್ನ ಜ್ವಾಳದಾಗ ಹುಳ? ಈ ಮನಿಗೆ ಬಂದು ನಲವತ್ತ ವರ್ಷ ಆತು, ಒಂದರೆ ನುಸಿ ತೋರ್ಸು ನೋಡೂಣು!”

ನೆರೆಮನೆಯ ಅಕ್ಕವ್ವನ ಗಂಟಲು ಓಣಿಯ ಕೊನೆತನಕ ಮುಟ್ಟಿತು. ಜನ ಕೂಡಿದರು. ಪಂಕ್ಚರ್ ಅಂಗಡಿಯ ಪರಸಪ್ಪ ಕಾಲಿನ ಚಪ್ಪಲಿಯನ್ನು ಕೈಗೆ ತಗೊಂಡ. “ಎಷ್ಟ ಬೇಕಲೇ? ಜಿರಳಿ ನಡೀತೈತೇನು?”

“ಬ್ಯಾಡೋ ಮಾರಾಯಾ!” ಬಂಡು ಕಿವಿ ಮುಚ್ಚಿಕೊಂಡು ಓಡಿದ.

ಮೂರೂವರೆಗೆ ಸಾಲೆಯ ಟ್ಯೂಬ್‌ಲೈಟಿನ ಕೆಳಗೆ ಕರಿ ಹುಳವೊಂದು ಅಂಗಾತ ಬಿದ್ದಿದ್ದು ಕಂಡಿತು. ಮೂರು ಸಲ ಊದಿ ನೋಡಿದ. ಸತ್ತೇ ಇತ್ತು. ಕಾಲು ಎಣಿಸಿದರೆ ಬರೀ ಆರು. ಕಸಬರಿಗೆಯ ಎಂಟು ಕಡ್ಡಿ ಮುರಿದು ಗೋಂದು ಹಚ್ಚಿ ಅಂಟಿಸಿದ.

ಕಸ್ತೂರೆವ್ವ ಬಂದರು. ಎಂಬತ್ತರ ವಯಸ್ಸು, ಇಳಕಲ್ ಸೀರೆ, ನೆಟ್ಟನೆಯ ನಡಿಗೆ. ಓಣಿಯೆಲ್ಲ ಬಂದು ಕೂತಿತ್ತು. ಅವರು ಕನ್ನಡಕ ಏರಿಸಿ ಪೆಟ್ಟಿಗೆಯೊಳಗೆ ಇಣುಕಿದಾಗ ಬಂಡು ಪಕ್ಕಕ್ಕೆ ಬಂದು ನಿಂತ.

“ಇಂವ ಯಾರಪಾ?”

“ನಿಮ್ಮ... ಮೊದಲ್ನೇ ಹುಳರೀ.”

“ನಂದು ಹುಳ ಅಲ್ಲೋ ತಮ್ಮಾ, ಕಂಪ್ಯೂಟರಿನ ಚಿಪ್! ನಾವು ಮಾಡಿದ ಮೊದಲ್ನೇದು. ಕಾಲ ಅದಾವಂತ ಪ್ರೀತಿಲೆ ಹುಳ ಅಂತಿದ್ವಿ. ಹೆಂಗಸಿನ ಕೈಲೆ ಇದು ಆಗೂದಲ್ಲ ಅಂತ ಎಲ್ಲಾರೂ ನಗತಿದ್ರು. ಅದು ನಡೀತು, ಅವರ ನಗಿ ನಿಂತಿತು.” ಅವರ ದನಿ ಸಣ್ಣಗಾಯಿತು. “ಎಲ್ಲೈತೋ ಅದು?”

ಬಂಡು ಕಾಲಿಗೆ ಬಿದ್ದು ಎಲ್ಲವನ್ನೂ ಒದರಿಬಿಟ್ಟ.

“ಚಿಪ್ಪಿಗೆ ಉಪವಾಸ ಮಾಡಿದ್ಯಾ!” ಕಸ್ತೂರೆವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೆಡ್‌ಮಾಸ್ತರು ಮಾತ್ರ ನಗಲಿಲ್ಲ. ಗುದ್ದಲಿ ತಂದು ಅವನ ಕೈಗಿಟ್ಟರು. “ನಿನ್ನ ನೌಕರಿನೂ ಆ ಗಿಡದ ಬುಡಕ್ಕ ಐತಿ. ಅಗಿ.”

ಅಗೆದ. ಗುರುತು ಮರೆತಿದ್ದರಿಂದ ಗಿಡದ ಸುತ್ತಲೂ ಅಗೆದ. ಕೊನೆಗೊಮ್ಮೆ ಮಣ್ಣಿನಲ್ಲಿ ಹದಿನಾಲ್ಕು ಕಾಲು ಮಿನುಗಿದವು.

“ಸಿಕ್ತ್ರೀ!”

ಕಸ್ತೂರೆವ್ವ ಅದನ್ನು ಸೆರಗಿನಿಂದ ಒರೆಸಿ, ಕೂಸನ್ನು ಹಿಡಿದಂತೆ ಅಂಗೈಯಲ್ಲಿ ಹಿಡಿದುಕೊಂಡರು. “ಇವನ ನೌಕರಿ ತಗೀಬ್ಯಾಡ್ರಿ, ಮಾಸ್ತರ. ಹೋಗಪಾ, ಉಣ್ಣು.”

ಬಂಡು ಬುತ್ತಿ ಬಿಚ್ಚಿ ಮುಗಿಲು ನೋಡಿದ. ಹೊತ್ತು ಮುಳುಗಿತ್ತು. ಇನ್ನು ಜೈನರು ಉಣ್ಣುವಂತಿಲ್ಲ. ಇರಲಿ, ನಾಳೆ ಬೆಳಿಗ್ಗೆ ಹೊಟ್ಟೆತುಂಬ ಉಂಡರಾಯಿತು ಎಂದು ಬುತ್ತಿ ಕಟ್ಟುವಷ್ಟರಲ್ಲಿ, ಅವನು ಅಗೆದ ಕುಣಿಯಲ್ಲಿ ಇಣುಕುತ್ತಿದ್ದ ಅಕ್ಕವ್ವ ಚೀರಿದಳು:

“ಅಯ್ಯಯ್ಯ ಬಂಡ್ಯಾ! ನಿನ್ನ ಗುದ್ದಲಿಗೆ ಸಿಕ್ಕು ಎರಿಹುಳ ಸತ್ತೈತಲ್ಲೋ! ಇದು ಖರೇನ ಹುಳ! ನಾಳಿ ಉಪವಾಸ ಹಿಡಿ!”